ಬೀಗರ ಕುದುರೆಯ ಬಲಗಣ್ಣು

ಸುಂಬಾ ದ್ವೀಪದ ಪೂರ್ವಭಾಗದ ಹುಲ್ಲುಗುಡ್ಡಗಳಲ್ಲಿ ಸೂಲಗಿತ್ತಿಯ ಕೈಚೀಲವನ್ನು ಕುದುರೆಯ ಮೇಲೆ ಹೊತ್ತು ಊರೂರು ತಿರುಗಿದವರಲ್ಲಿ, ಈಗ ಸೇವೆಯಿಂದ ನಿವೃತ್ತರಾಗುತ್ತಿರುವ ಶ್ರೀಮತಿ ರಂಬು ಇಪು ಅವರು ಬಹುಶಃ ಕೊನೆಯವರು. ಯಾರನ್ನೂ ಸುಲಭವಾಗಿ ನಂಬದಿರುವುದನ್ನೇ ಶುಶ್ರೂಷೆಯ ಭಾಗವಾಗಿಸಿಕೊಂಡವರಲ್ಲಿ ನಿಸ್ಸಂದೇಹವಾಗಿ ಮೊದಲಿಗರು. ಕುದಿಸಿದೆವೆಂದು ಕೊಟ್ಟ ಕತ್ತರಿಯನ್ನು ಮತ್ತೆ ಕುದಿಸಿ, ನೋವಿಲ್ಲವೆಂದ ಬಸುರಿಯ ಕಾಲಿನ ಬಾವನ್ನು ಒತ್ತಿ ನೋಡಿ, ಎಲ್ಲ ಸರಿಯಿದೆಯೆಂದ ಅತ್ತೆಯ ಮುಖವನ್ನು ಇನ್ನೊಮ್ಮೆ ದಿಟ್ಟಿಸಿ ಅವರು ಉಳಿಸಿಕೊಟ್ಟ ತಾಯಂದಿರು ಈ ಅಭಿನಂದನ ಸಂಪುಟದ ಹಲವು ಲೇಖಕರನ್ನು ಹೆತ್ತವರು.

ಈ ಅನುಮಾನ ಹುಟ್ಟಿನಿಂದ ಬಂದದ್ದಲ್ಲ. ಅವರು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾದಿನಿ ಕೊಂಗಾ ಅವರ ಮದುವೆಯಾಯಿತು. ಗಂಡಿನ ತಂದೆ ಉಂಬು ರೇಮಿ ಅವರು ಹೆಣ್ಣಿನ ಮನೆಗೆ ತೆರ ಎಂದು ಕೊಟ್ಟ ಕುದುರೆಗಳಲ್ಲಿ ಒಂದು ಕೆಂಚು ಕುದುರೆ ಇಪು ಅವರ ಸವಾರಿಗೆ ಬಂತು. ತೆರದ ಕುದುರೆಯ ಹಲ್ಲು ನೋಡುವುದು, ಕಾಲೆತ್ತಿ ಪರೀಕ್ಷಿಸುವುದು ನಮ್ಮಲ್ಲಿ ಬೀಗರ ಮುಖಕ್ಕೆ ಉಗುಳಿದಂತೆ. ಯಾರೂ ನೋಡಲಿಲ್ಲ.

ಇಡೀ ರಾತ್ರಿ ಒಂದು ಕಷ್ಟದ ಹೆರಿಗೆ ಮಾಡಿಸಿ ಬೆಳಗ್ಗೆ ಮರಳುತ್ತಿದ್ದಾಗ, ಇಳಿಜಾರಿನಲ್ಲಿ ಬಲಗಡೆಯಿಂದ ಎಮ್ಮೆಗರುವೊಂದು ನುಗ್ಗಿತು. ಮೈಗೆ ತಾಗುವವರೆಗೂ ಕುದುರೆಗೆ ಅದರ ಸುಳಿವಿರಲಿಲ್ಲ. ಬೆದರಿ ಉರುಳಿದ ಕುದುರೆಯ ಕೆಳಗೆ ಸಿಕ್ಕಿದ ಇಪು ಅವರ ಸೊಂಟ, ಎಡತೊಡೆ ಮುರಿದವು. ಜೀವ ಉಳಿಯಿತು, ಕಾಲು ಶಾಶ್ವತವಾಗಿ ಗಿಡ್ಡವಾಯಿತು, ಊರಿನ ಮಕ್ಕಳನ್ನೆಲ್ಲ ಕೈಯಲ್ಲಿ ಹಿಡಿಯಲಿದ್ದವರಿಗೆ ಸ್ವಂತ ಬಸಿರು ಅಪಾಯವೆಂದು ವೈದ್ಯರು ಹೇಳಿಬಿಟ್ಟರು.

ಜಗಲಿಯಲ್ಲಿ ಬಿದಿರಿನ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ ದಿನಗಳಲ್ಲಿ ಅವರು ಅಂಗಳದ ಕುದುರೆಯನ್ನೇ ನೋಡುತ್ತಿದ್ದರು. ಒಣಹಾಕಿದ ಬಟ್ಟೆ ಎಡಕ್ಕೆ ಅಲುಗಿದರೆ ಅದು ತಲೆ ಕೊಡವುತ್ತಿತ್ತು. ಬಲಕ್ಕೆ ಎಷ್ಟು ಬೀಸಿದರೂ ಅದಕ್ಕೆ ಗೊತ್ತೇ ಆಗುತ್ತಿರಲಿಲ್ಲ.

ಇತ್ತ ಊರಿಗೆ ಬೇರೆಯದೇ ಅನುಮಾನ. ಕುದುರೆಯಿಂದ ಹಾಗೆ ಬಿದ್ದವರಿಗೆ ದೋಷದ ಬಿಸಿ ತಗುಲಿರುತ್ತದೆ, ಅವರು ಏನೋ ಮುಚ್ಚಿಟ್ಟಿರುತ್ತಾರೆ, ಅದನ್ನು ಒಪ್ಪಿಕೊಂಡು ತಣ್ಣೀರು ಚಿಮುಕಿಸಿಕೊಳ್ಳುವ ತನಕ ಅವರ ಕೈ ಕೂಸನ್ನು ಮುಟ್ಟಬಾರದು. ಹಿರಿಯರು ಶಕುನ ನೋಡಲು ಕೋಳಿ ಹಿಡಿದುಕೊಂಡು ಬಂದು ಕೂತರು. ಆಗಲೇ ಬಸುರಿಯಾಗಿದ್ದ ಕೊಂಗಾ ಅತ್ತಿಗೆಯನ್ನು ನೋಡಲು ಬಂದು ಕಂಬಕ್ಕೆ ಒರಗಿ ನಿಂತಿದ್ದರು. ಕುದುರೆ ಕುರುಡೆಂದರೆ ತೆರ ಮುರಿದು ಆಕೆ ತವರಿಗೆ ಮರಳಬೇಕು. ಎನ್ನದಿದ್ದರೆ ಮುಚ್ಚಿಟ್ಟ ತಪ್ಪು ಇಪು ಅವರದೇ, ಅವರ ಕೆಲಸವೂ ಅಲ್ಲಿಗೆ ಮುಗಿದಂತೆ.

"ಕುದುರೆ ಮೇಲೆ ನಿದ್ದೆ ಬಂತು. ತಪ್ಪು ನಂದೇ," ಎಂದರು ಇಪು.

ಮುಖ್ಯ ಹಿರಿಯರು ಅವರ ಅಂಗೈ ತಿರುಗಿಸಿ ನೋಡಿದರು. ಹಗ್ಗ ಉಜ್ಜಿ ಚರ್ಮ ಸುಲಿದಿತ್ತು.

"ನಿದ್ದೆ ಹೋದವಳು ಹಗ್ಗನ ಇಷ್ಟು ಬಿಗಿ ಹಿಡೀತಾಳೇನವ್ವಾ?"

"ಕನಸಲ್ಲೂ ಕುದುರೆ ಮೇಲೇ ಇದ್ದೆ, ಅಜ್ಜಾ."

ಕೋಳಿಯ ಕರುಳು ನೋಡಿದವರು, ಇದು ಸ್ಪಷ್ಟವಿಲ್ಲ, ಇನ್ನೇನೋ ಒಳಗುಳಿದಿದೆ ಎಂದು ಎದ್ದುಹೋದರು. ಅನಂತರ ಊರುಗೋಲು ಹಿಡಿದು ಹೋದಲ್ಲೆಲ್ಲ ಅವರಿಗೆ ಜಗಲಿಯಲ್ಲೇ ಎಲೆಯಡಿಕೆ ಕೊಟ್ಟು ಕಳಿಸುತ್ತಿದ್ದರು. ಒಳಗೆ ಹೆಂಗಸು ನರಳುತ್ತಿರುತ್ತಿದ್ದಳು.

ಹೀಗಿರುವಾಗ ರೇಮಿ ಅವರು ಒಂದು ದಿನ ತಾವಾಗಿಯೇ ಬಂದರು, ಕೈಯಲ್ಲಿ ಬೇರೊಂದು ಕುದುರೆಯ ಹಗ್ಗ. ದಾರಿಯಲ್ಲಿ ಹೋಗುತ್ತಿದ್ದೆ, ಮನೆಯಲ್ಲಿ ಹೆಚ್ಚಿಗೆಯಿತ್ತು, ತಂದಿದ್ದೇನೆ ಎಂದರು. ಅಷ್ಟು ದೊಡ್ಡ ಮನುಷ್ಯ ಸುಮ್ಮನೆ ಕುದುರೆ ಕೊಡುವುದನ್ನು ಇಪು ನಂಬಲಿಲ್ಲ. ಗಂಡ ಬೇಡವೆಂದು ಕಣ್ಸನ್ನೆ ಮಾಡುತ್ತಿದ್ದಂತೆಯೇ, ಊರವರು ನೋಡುತ್ತಿದ್ದಂತೆಯೇ, ಅವರು ಕುಂಟುತ್ತ ಕುದುರೆಯ ಬಲಕ್ಕೆ ಹೋಗಿ ಅದರ ಕಣ್ಣಿನ ಮುಂದೆ ಕೈ ಬೀಸಿದರು. ಕುದುರೆ ಬೆಚ್ಚಿ ಹಿಂದೆ ಸರಿಯಿತು.

ರೇಮಿ ಅವರು ಅಡಿಕೆಯ ಕೆಂಪನ್ನು ಪಕ್ಕಕ್ಕೆ ಉಗುಳಿ, ಗುಡ್ಡದ ಕಡೆ ನೋಡುತ್ತ, "ಎಡಗಣ್ಣೂ ನೋಡ್ಕೊಳವ್ವಾ," ಎಂದರು.

ಕೆಂಚು ಕುದುರೆಯ ಕುರುಡನ್ನು ಯಾರೂ ಬಾಯಿಬಿಟ್ಟು ಹೇಳದ್ದರಿಂದ ತೆರ ಮುರಿಯಲಿಲ್ಲ. ಹಿರಿಯರಿಗೆ ಬೇಕಾದಷ್ಟು ಅರ್ಥವಾಗಿತ್ತು. ಕೊಂಗಾ ಅವರ ಹೆರಿಗೆಗೆ ರೇಮಿ ಅವರು ಇಪು ಅವರನ್ನೇ ಕರೆಸಿಕೊಂಡರು, ಆಮೇಲೆ ಉಳಿದ ಮನೆಗಳ ಬಾಗಿಲೂ ತೆರೆದವು. ರೇಮಿ ಅವರು ಈಗಿಲ್ಲ. ಇದನ್ನು ಬರೆಯಿರಿ ಎಂದವರು ಸ್ವತಃ ಕೊಂಗಾ. ಬೇಡ, ನಿದ್ದೆ ಬಂತು ಎಂದೇ ಬರೆಯಿರಿ ಎಂದು ಇಪು ಅವರು ಇಂದಿಗೂ ಹಟ ಹಿಡಿದಿದ್ದಾರೆ.

ಆ ಕಾಲಿನಲ್ಲೇ, ಕಲ್ಲು ಹತ್ತಿ ಬಲಗಡೆಯ ತಪ್ಪು ಮಗ್ಗುಲಿನಿಂದ ಕುದುರೆಯೇರುತ್ತ, ಇಳಿದ ಮೇಲೆ ಹಲ್ಲು ಕಚ್ಚಿ ನಿಲ್ಲುತ್ತ ಅವರು ಸೇವೆಯನ್ನು ಪೂರೈಸಿದ್ದಾರೆ. ಆಯುರಾರೋಗ್ಯ ಕೋರಿ ಎಲೆಯಡಿಕೆ ಹಿಡಿದು ಹೋದ ನಮ್ಮನ್ನು, "ಏನ್ ಬೇಕಾಗಿ ಬಂದಿದೀರ?" ಎಂದು ಕೇಳಿದರು. ಬೇಕಾದದ್ದು ಇದ್ದೇ ಇದೆ. ಆರೋಗ್ಯ ಉಪಕೇಂದ್ರಕ್ಕೆ ಹೊಸ ಹುಡುಗಿಯರು ಬಂದಿದ್ದಾರೆ. ಯಾರು ಏನು ಹೇಳಿದರೂ ನಂಬಿಬಿಡುತ್ತಾರೆ. ಅವರನ್ನು ತಿದ್ದಿ ಮುಗಿಸುವಷ್ಟು ದೀರ್ಘಕಾಲ ರಂಬು ಇಪು ಅವರು ನಮ್ಮ ನಡುವೆ ಬಾಳಲಿ.