ಇಲಿಯಿಂದ ಮನುಷ್ಯನವರೆಗಿನ ದೂರ

ಮನಸ್ಸಿನ ಕುಸಿತಕ್ಕೆ ಮಿದುಳಿನಲ್ಲಿ ಕಾರಣ ಹುಡುಕುವವರೂ ಗಿಡಬಳ್ಳಿಗಳಲ್ಲಿ ಮದ್ದು ಹುಡುಕುವವರೂ ಒಬ್ಬರ ಮುಖ ಒಬ್ಬರು ನೋಡದಿದ್ದ ಕಾಲದಲ್ಲಿ, ಆ ಎರಡೂ ಹಾದಿಗಳನ್ನು ಒಂದೇ ಪ್ರಯೋಗಾಲಯದಲ್ಲಿ ಕೂಡಿಸಿದವರು ಈಗ ನಿವೃತ್ತರಾಗುತ್ತಿರುವ ನಮ್ಮ ಔಷಧವಿಜ್ಞಾನದ ಪ್ರಾಧ್ಯಾಪಕಿಯವರು. ಯಾವ ಫಲಿತಾಂಶ ಒಯ್ದರೂ ಮತ್ತೊಮ್ಮೆ ಮಾಡಿಸುತ್ತಿದ್ದುದರಿಂದ ವಿದ್ಯಾರ್ಥಿಗಳಾದ ನಮ್ಮ ಬಾಯಲ್ಲಿ ಅವರು 'ಇನ್ನೊಂದ್ಸಲ ಮೇಡಂ' ಆಗಿದ್ದರು. ಆ ಹೆಸರು ಅವರ ಕಿವಿಗೂ ಬಿದ್ದಿತ್ತು, ಬೇಸರಿಸಿಕೊಳ್ಳಲಿಲ್ಲ.

ನಾನು ಸೇರಿದಾಗ ಅವರು ಬೇಲಿಬದಿಯ ಬಳ್ಳಿಯೊಂದರ ಎಲೆಯಿಂದ ಸಾರ ತೆಗೆದಿದ್ದರು. ಸದಾ ಒತ್ತಡದಲ್ಲಿಟ್ಟ ಇಲಿಗಳು ಸಕ್ಕರೆ ಬೆರೆಸಿದ ಸಿಹಿನೀರನ್ನೂ ಮೂಸದೆ ಮೂಲೆ ಹಿಡಿಯುತ್ತವೆ. ಈ ಸಾರ ಕೊಟ್ಟ ಮೇಲೆ ಅವುಗಳ ಮಿದುಳಿನ ಉರಿಯೂತ ತಗ್ಗಿತು. ಅವು ಮತ್ತೆ ಸಿಹಿನೀರಿಗೆ ಬಾಯಿ ಹಾಕಿದವು.

ಅದೇ ದಿನಗಳಲ್ಲಿ, ಬಸ್ ಚಾಲಕರಾಗಿದ್ದ ಅವರ ತಮ್ಮ ಅಪಘಾತವೊಂದರ ನಂತರ ಮಂಕಾಗಿ ಹಾಸಿಗೆ ಹಿಡಿದರು. ಒಂದು ಮಧ್ಯಾಹ್ನ ಮೇಡಂ ಅವರ ತಾಯಿ ಪ್ರಯೋಗಾಲಯದ ಬಾಗಿಲಿಗೇ ಬಂದರು.

"ಇಲಿಗೆ ಕೊಡ್ತೀಯ, ಒಡಹುಟ್ಟಿದವನಿಗೆ ಕೊಡೋಕೆ ಕೈ ಬರಲ್ವಾ?"

"ಒಡಹುಟ್ಟಿದವನು ಅಂತಾನೇ ಕೊಡ್ತಿಲ್ಲ, ಅಮ್ಮ. ಮನುಷ್ಯರ ಹೊಟ್ಟೆಗೆ ಹೋದ್ರೆ ಇದು ಏನು ಮಾಡುತ್ತೋ ನನಗಿನ್ನೂ ಗೊತ್ತಿಲ್ಲ. ಡಾಕ್ಟರ್ ಹತ್ರ ನಾನೇ ಕರ್ಕೊಂಡು ಹೋಗ್ತೀನಿ."

"ಎಲೆ ತಾನೆ, ಏನು ಮಾಡೀತು?"

"ವಿಷಾನೂ ಎಲೆಯಲ್ಲೇ ಇರುತ್ತಮ್ಮ."

ತಾಯಿ ಮಗಳೊಡನೆ ಮಾತು ಬಿಟ್ಟರು. ಮೇಡಂ ಪಟ್ಟು ಬಿಡಲಿಲ್ಲ. ತಮ್ಮನನ್ನು ತಪ್ಪದೆ ಮನೋವೈದ್ಯರ ಬಳಿ ಕರೆದೊಯ್ದು, ಹೊರಗಿನ ಬೆಂಚಿನ ಮೇಲೆ ನಮ್ಮ ಪ್ರಬಂಧಗಳನ್ನು ತಿದ್ದುತ್ತ ಕಾದರು. ಆತ ನಿಧಾನವಾಗಿ ಚೇತರಿಸಿಕೊಂಡು ಮತ್ತೆ ಸ್ಟಿಯರಿಂಗ್ ಹಿಡಿದರು.

ಮರುವರ್ಷ ವಿಷಪರೀಕ್ಷೆ ನನ್ನ ಪಾಲಿಗೆ ಬಂತು. ಸಾರದ ಪ್ರಮಾಣ ಹೆಚ್ಚಿದಂತೆ ಇಲಿಗಳ ಯಕೃತ್ತು ಊದಿಕೊಳ್ಳುತ್ತಿತ್ತು. ಅವರ ಅಷ್ಟು ವರ್ಷದ ದುಡಿಮೆ ನೀರಿನಲ್ಲಿ ಹೋಮವಾಯಿತೆಂದು ಅಂಜುತ್ತಲೇ ಹೇಳಿದೆ. ಅವರು ಕುರ್ಚಿ ಎಳೆದು ನನ್ನನ್ನು ಕೂರಿಸಿದರು. "ಒಳ್ಳೇ ಸುದ್ದಿನೇ ತಂದಿದೀಯ. ಇಲಿಯಲ್ಲೇ ಗೊತ್ತಾಯ್ತಲ್ಲ."

ಈ ವಿಷಯ ಕಿವಿಗೆ ಬಿದ್ದ ಸಂಜೆ ಮೇಡಂ ಅವರ ತಾಯಿಯ ಫೋನ್ ಬಂತು. ಅವರು ಕೇಳಿದ್ದು, "ಊಟ ಆಯ್ತಾ?" ಎಂದಷ್ಟೇ. ಮೇಡಂ ಕಿಟಕಿಯತ್ತ ತಿರುಗಿ ಬಹಳ ಹೊತ್ತು ಮಾತಾಡಿದರು.

ಆ ಸಾರದಿಂದ ಕೇಡಿನ ಅಂಶವನ್ನು ಬೇರ್ಪಡಿಸಲು ಅವರು ತಮ್ಮ ಸೇವೆಯ ಉಳಿದ ಬಹುಭಾಗವನ್ನು ಸವೆಸಿದರು. ಕೊನೆಗೆ ಮನುಷ್ಯರ ಮೇಲೆ ಪ್ರಯೋಗ ನಡೆದಾಗ, ಎಂದಿನ ಚಿಕಿತ್ಸೆಯ ಜೊತೆಗೆ ಇದನ್ನು ಪಡೆದ ಕೆಲವರಿಗೆ ಬೇಗ ಹಗುರವೆನಿಸಿತು, ಹಲವರಿಗೆ ಏನೂ ಆಗಲಿಲ್ಲ. ಎರಡನ್ನೂ ಅವರು ಸಮನಾದ ಅಕ್ಷರಗಳಲ್ಲಿ ಪ್ರಕಟಿಸಿದರು.

ಗುಣ ಕಾಣದ ಆ ಹಲವರಿಗಾಗಿ ನಾಳೆಯಿಂದಲೂ ಬರುವುದಾಗಿ ಹೇಳಿ, ಪ್ರಯೋಗಾಲಯದಲ್ಲಿ ಒಂದು ಮೇಜನ್ನಷ್ಟೇ ಕೇಳಿದ್ದಾರೆ. ಮೇಜು ಸಿದ್ಧವಿದೆ. ಅದರ ಮುಂದೆ ನಮ್ಮ ಗುರುಗಳು ನೂರ್ಕಾಲ ಕೂತಿರಲಿ.