ಗುಂಡಮ್ಮನ ಹಿತ್ತಲು

ಆ ಬೀದಿಯಲ್ಲಿ ಅವನನ್ನು ಎಲ್ಲರೂ ಗಾಜಿನಣ್ಣ ಎಂದೇ ಕರೆಯುತ್ತಿದ್ದರು. ಕಿಟಕಿಗೆ ಗಾಜು ಕೂರಿಸುವುದು, ಕನ್ನಡಿಗೆ ಚೌಕಟ್ಟು ಹಾಕುವುದು, ಅಂಗಡಿಗಳಿಗೆ ಷೋಕೇಸು ಕಟ್ಟುವುದು ಅವನ ಕಸುಬು. ಮುಂದೆ ಅಂಗಡಿ, ಹಿಂದೆ ಎರಡು ಕೋಣೆ, ಅದರಾಚೆ ಅಂಗೈಯಗಲದ ಹಿತ್ತಲು. ಗಾಜು ಕೊಯ್ಯುವ ಪುಟ್ಟ ಚಕ್ರವನ್ನು ಸೀಮೆಎಣ್ಣೆಗೆ ಅದ್ದಿ, ಒಂದೇ ಉಸಿರಿಗೆ ಗೆರೆ ಎಳೆದು, ಅಡಿಯಿಂದ ಮೆಲ್ಲಗೆ ತಟ್ಟಿದನೆಂದರೆ ಗಾಜು ಹೇಳಿದ ಮಾತು ಕೇಳಿದಂತೆ ಎರಡಾಗುತ್ತಿತ್ತು. ಕೈ ಅಷ್ಟು ಚುರುಕು, ಬಾಯಿ ಮಾತ್ರ ಮಹಾ ಮಂದ. ಅದರಲ್ಲೂ ಅತ್ತೆಯ ಎದುರು ಅವನ ನಾಲಿಗೆ ಅಂಗುಳಿಗೆ ಅಂಟಿಕೊಂಡೇ ಬಿಡುತ್ತಿತ್ತು.

ಅತ್ತೆ ಆಸ್ಪತ್ರೆಯಲ್ಲಿ ಆಯಾ ಆಗಿ ಸವೆದವಳು. ಅವಳು ಒಂದು ಸಲ ಗದರಿದರೆ ಇಡೀ ವಾರ್ಡು ಮಲಗುತ್ತಿತ್ತಂತೆ. ಅವಳಿದ್ದ ಬಾಡಿಗೆ ಮನೆಯನ್ನು ಒಡೆಯುತ್ತೇವೆಂದು ಮಾಲೀಕರು ಹೇಳಿದಾಗ ಮಗಳ ಮನೆಗೆ ಬಂದಳು. ಒಂದು ಕೈಯಲ್ಲಿ ಟ್ರಂಕು, ಇನ್ನೊಂದು ಕಂಕುಳಲ್ಲಿ ಆಮೆ. ತೀರಿಕೊಂಡ ಗಂಡ ಯಾವ ಕಾಲದಲ್ಲೋ ತಂದು ಸಾಕಿದ ನೆಲದಾಮೆ ಅದು. ಹೆಸರು ಗುಂಡ.

ಅತ್ತೆ ಅಳಿಯ ನೇರವಾಗಿ ಮಾತಾಡುತ್ತಿರಲಿಲ್ಲ. ಜಗಳವೇನೂ ಇರಲಿಲ್ಲ, ರೂಢಿಯಾಗಿರಲಿಲ್ಲ ಅಷ್ಟೆ. "ನಿನ್ನ ಗಂಡನಿಗೆ ಕಾಫಿ ಆಯ್ತಾ ಕೇಳೇ" ಎಂದು ಅವಳು ಮಗಳಿಗೆ ಹೇಳುವಳು. ಪಕ್ಕದಲ್ಲೇ ಕೂತವನು "ಆಯ್ತು ಅಂತ ಹೇಳು" ಎನ್ನುವನು. ನಡುವೆ ಹೆಂಡತಿ ಅಂಚೆಯವಳು.

ಮನೆಗೆ ಬಂದವಳಿಗೆ ಏನಾದರೂ ಮಾಡಿಕೊಡಬೇಕೆಂದು ಅವನಿಗೂ ಆಸೆ. ಬಾಯಲ್ಲಿ ಹೇಳಲಾರದ್ದನ್ನು ಅವನು ಗಾಜಿನಲ್ಲಿ ಹೇಳಿದ. ಒಳ್ಳೆಯ ದಪ್ಪ ಗಾಜು ಆರಿಸಿ, ಅಂಚು ಉಜ್ಜಿ, ಅಂಟು ಹಾಕಿ ಗುಂಡನಿಗೊಂದು ಪೆಟ್ಟಿಗೆ ಕಟ್ಟಿದ. ತಳಕ್ಕೆ ಬಿಳಿ ಟೈಲು. ಅದನ್ನು ಬಿಸಿಲು ಬೀಳುವ ಕಿಟಕಿಯ ಬುಡದಲ್ಲೇ ಇಟ್ಟ. ಅತ್ತೆ ಅಕ್ಕಪಕ್ಕದ ಹೆಂಗಸರನ್ನೆಲ್ಲ ಕರೆದು ತೋರಿಸಿದಳು. "ಅರಮನೆ ಕಟ್ಟಿದಾನೆ ನೋಡಿ" ಎಂದದ್ದು ಅಂಗಡಿಯವರೆಗೂ ಕೇಳಿಸಿತು. ಗಾಜಿನಣ್ಣ ಆ ದಿನವೆಲ್ಲ ಶಿಳ್ಳೆ ಹಾಕುತ್ತ ಕೆಲಸ ಮಾಡಿದ.

ಊಟದ ಉಸ್ತುವಾರಿ ಅತ್ತೆಯದು. ಬೆಳಿಗ್ಗೆ ಹಾಲಿನಲ್ಲಿ ನೆನೆಸಿದ ಬ್ರೆಡ್ಡು, ಸಂಜೆ ಬಾಳೆಹಣ್ಣು. "ನಮ್ಮ ಮನೆಯವರ ಕಾಲದಿಂದ ಇದೇ. ಕಲ್ಲಿನ ಹಾಗಿದಾನೆ" ಎನ್ನುತ್ತಿದ್ದಳು.

ಅರಮನೆ ಸೇರಿದ ಗುಂಡ ಸುಮ್ಮನೆ ಕೂರಲಿಲ್ಲ. ಗಾಜಿಗೆ ಮೂತಿ ಒತ್ತಿ ಕಾಲು ಬಡಿಯುತ್ತಲೇ ಇರುತ್ತಿತ್ತು. ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ. "ವಾಕಿಂಗ್ ಮಾಡ್ತಿದೆ" ಎಂದು ಮನೆಯವರು ನಕ್ಕರು. ಚಳಿಗಾಲ ಕಳೆಯುವ ಹೊತ್ತಿಗೆ ನಡಿಗೆ ನಿಂತಿತು. ಹಿಂಗಾಲು ಎಳೆಯತೊಡಗಿತು. ಆಮೇಲೆ ಎರಡೂ ಕಣ್ಣು ಊದಿ ಮುಚ್ಚಿಕೊಂಡವು, ಬ್ರೆಡ್ಡನ್ನು ಮೂಸಲೂ ಇಲ್ಲ. ಒಂದು ಬೆಳಿಗ್ಗೆ ಎತ್ತಿಕೊಂಡ ಅತ್ತೆಯ ಬೆರಳಿಗೆ ಹೊಟ್ಟೆಯ ಚಿಪ್ಪು ಮೆತ್ತಗೆ ತಗ್ಗಿತು. ಅವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

"ಆ ಪೆಟ್ಟಿಗೆಗೆ ಹಾಕಿದ ಮೇಲೇ ಕಣೇ ಹೀಗಾಗಿದ್ದು. ಹೇಳು ನಿನ್ನ ಗಂಡನಿಗೆ."

ಗಾಜಿನಣ್ಣನಿಗೂ ರೇಗಿತು. "ಸಣ್ಣ ಮಗುವಿಗೆ ತಿನ್ನಿಸೋ ಹಾಗೆ ಹಾಲು ಬ್ರೆಡ್ಡು ತಿನ್ನಿಸಿದ್ದು ಯಾರು ಅಂತ ನಿಮ್ಮಮ್ಮನ್ನೇ ಕೇಳು."

ಹೆಂಡತಿ ಸೌಟು ಕೆಳಗಿಟ್ಟಳು. "ನಾನು ಯಾರಿಗೂ ಏನೂ ಹೇಳಲ್ಲ. ಇಬ್ಬರೂ ಹೋಗಿ ಡಾಕ್ಟರಿಗೆ ಹೇಳಿ."

ಹಾಗೆ ಅತ್ತೆ ಅಳಿಯ, ತೊಡೆಯ ಮೇಲೊಂದು ರಟ್ಟಿನ ಡಬ್ಬ, ಆಟೋದಲ್ಲಿ ಮುಖ ಆಚೀಚೆ ತಿರುಗಿಸಿಕೊಂಡು ಪಶುವೈದ್ಯರ ಬಳಿ ಹೋದರು. ವೈದ್ಯೆ ಗಟ್ಟಿ ಕೈಗಳ, ಗಡಿಬಿಡಿಯಿಲ್ಲದ ಹೆಂಗಸು. ಗುಂಡನನ್ನು ತೂಗಿದಳು, ಚಿಪ್ಪು ಒತ್ತಿದಳು, ಬಾಲ ನೋಡಿದಳು.

"ಮೊದಲನೇದಾಗಿ, ಇದು ಹೆಣ್ಣು."

ನಂತರ ಬಂದದ್ದು ಅಷ್ಟು ಹಗುರ ಸುದ್ದಿಯಲ್ಲ. ಇದ್ದ ಜಾಗ ಎಂಥದು, ಆಹಾರ ಏನು ಎಂದು ವೈದ್ಯೆ ಕೇಳಿದಳು. ಒಬ್ಬರ ಮೇಲೊಬ್ಬರು ಹಾಕುತ್ತ ಇಬ್ಬರೂ ಹೇಳಿದರು. ಅವಳು ಪೂರ್ತಿ ಕೇಳಿಸಿಕೊಂಡಳು.

"ಇಬ್ಬರೂ ಸೇರೇ ಮಾಡಿದೀರಿ ಬಿಡಿ, ಪ್ರೀತಿಯಿಂದಲೇ ಮಾಡಿದೀರಿ. ಬಿಸಿಲಲ್ಲಿ ಕಣ್ಣಿಗೆ ಕಾಣದ ಒಂದು ಕಿರಣ ಇದೆ. ಆಮೆ ಮೂಳೆ, ಚಿಪ್ಪು ಗಟ್ಟಿಯಾಗೋಕೆ ಅದು ಬೇಕೇ ಬೇಕು. ಗಾಜು ಬೆಳಕು ಬಿಡುತ್ತೆ, ಶಾಖ ಬಿಡುತ್ತೆ, ಅದೊಂದನ್ನ ಮಾತ್ರ ತಡೆಯುತ್ತೆ."

"ಗಾಜು ತಡೆಯುತ್ತಾ?" ಗಾಜಿನಣ್ಣ ಕೇಳಿದ. ಇಷ್ಟು ವರ್ಷ ಗಾಜು ಎಂದರೆ ಏನನ್ನೂ ತಡೆಯದ್ದು ಎಂದೇ ಮಾರಿದವನು ಅವನು.

"ತಡೆಯುತ್ತೆ. ಇನ್ನೊಂದು, ಆಮೆಗೆ ಗಾಜು ಅನ್ನೋದು ಅರ್ಥವಾಗಲ್ಲ. ಆಚೆ ಕಾಣಿಸುತ್ತಲ್ಲ, ಹೋಗಬೇಕು ಅಂತ ತಳ್ಳುತ್ತಲೇ ಇರುತ್ತೆ. ಸುತ್ತ ಮರದ ಹಲಗೆ ಇದ್ದರೆ ಸುಮ್ಮನಾಗುತ್ತೆ. ಟೈಲು ಜಾರುತ್ತೆ, ಕಾಲಿಗೆ ಹಿಡಿತ ಸಿಗಲ್ಲ. ಮಣ್ಣು ಬೇಕು, ಬಿಸಿಲು ಬೇಕು, ಬೇಡ ಅನ್ನಿಸಿದಾಗ ನುಗ್ಗೋಕೆ ನೆರಳೂ ಬೇಕು."

"ಊಟ?" ಅತ್ತೆ ಕೇಳಿದಳು. "ಅಲ್ಲಿ ಅಷ್ಟು ವರ್ಷ ಇದನ್ನೇ ತಿಂದು ಚೆನ್ನಾಗಿತ್ತಲ್ಲ, ಡಾಕ್ಟ್ರಮ್ಮ."

"ಅಲ್ಲಿ ಹಿತ್ತಲು ಇತ್ತಾ?"

"ಇತ್ತು. ಹುಲ್ಲು, ಕಳೆ, ಕುಂಬಳದ ಬಳ್ಳಿ..."

"ನೀವು ಒಳಗೆ ಹೋದ ಮೇಲೆ ಅದನ್ನೆಲ್ಲ ತಿಂದು ಬದುಕಿದೆ. ನಿಮ್ಮ ಬ್ರೆಡ್ಡಿಂದಲ್ಲ. ಇಲ್ಲಿ ಬ್ರೆಡ್ಡು ಬಿಟ್ಟರೆ ಗತಿ ಇರಲಿಲ್ಲ. ಹಾಲು ಇದರ ಹೊಟ್ಟೆಗೆ ಆಗಿಬರಲ್ಲ. ಸೊಪ್ಪು, ಹುಲ್ಲು, ದಾಸವಾಳದ ಎಲೆ ಹೂವು, ಮುಳ್ಳು ತೆಗೆದ ಪಾಪಾಸುಕಳ್ಳಿ, ಇವು ಹೊಟ್ಟೆತುಂಬ. ಪಾಲಕ್ ಅಪರೂಪಕ್ಕೆ. ಹಣ್ಣು ಬೇಡ ಅಂದ್ಕೊಳ್ಳಿ. ಮೊಟ್ಟೆ ಚಿಪ್ಪು ಕುದಿಸಿ, ಒಣಗಿಸಿ, ಪುಡಿ ಮಾಡಿ ಎಲೆ ಮೇಲೆ ಉದುರಿಸಿ."

ಸೂಜಿಮದ್ದು ಕೊಟ್ಟಳು, ಕಣ್ಣಿಗೆ ಹನಿ ಬರೆದಳು. ಉಳಿಯುತ್ತದೆ ಎಂದು ಮಾತು ಕೊಡಲಿಲ್ಲ. ವಾಪಸು ಬರುವಾಗ ಅರ್ಧ ದಾರಿಯಲ್ಲಿ ಅತ್ತೆ ಹೊರಗೆ ನೋಡುತ್ತಲೇ ಹೇಳಿದಳು:

"ಗುಂಡ ಅಂತ ಕರೆಯೋ ಹಾಗಿಲ್ಲ ಇನ್ನು."

ಮಧ್ಯೆ ಹೆಂಡತಿ ಇಲ್ಲದ್ದರಿಂದ ಉತ್ತರ ಅವನೇ ಕೊಡಬೇಕಾಯಿತು. "ಗುಂಡಿ ಅನ್ನೋಕಂತೂ ಆಗಲ್ಲ, ಅತ್ತೆ."

ಅವಳ ಭುಜ ಕುಲುಕಿತು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಅವನಿಗೆ ತಿಳಿಯಲಿಲ್ಲ. ಅಂದಿನಿಂದ ಅದು ಗುಂಡಮ್ಮ.

ಹಿತ್ತಲು ಇತ್ತಲ್ಲ, ಬಿಟ್ಟರಾಯಿತು ಎನ್ನಬಹುದು. ಆದರೆ ಅದು ಗಾಜಿನವನ ಹಿತ್ತಲು. ಮದುವೆಗೆ ಮುಂಚಿನಿಂದಲೂ ಒಡೆದದ್ದು, ಉಳಿದದ್ದು, ಅಂಚು ತೆಗೆದ ಚೂರು, ಎಲ್ಲ ಹೋಗಿ ಬೀಳುತ್ತಿದ್ದದ್ದು ಅಲ್ಲಿಗೇ. ಚಪ್ಪಲಿ ಇಲ್ಲದೆ ಯಾರೂ ಕಾಲಿಡುತ್ತಿರಲಿಲ್ಲ. ಗೋಡೆಯ ಮೂಲೆಯಲ್ಲಿ ಹೆಂಡತಿ ಆಸೆಪಟ್ಟು ಬೆಳೆಸಿದ ಕಣಗಿಲೆ ಗಿಡ ಬೇರೆ. ಅದು ಆಮೆಗೆ ವಿಷ.

ಗಾಜಿನಣ್ಣ ಮೊದಲು ದೊಡ್ಡ ಚೂರುಗಳನ್ನು ಮೂಟೆ ಕಟ್ಟಿ ಸಾಗಿಸಿದ. ಹೆಂಡತಿಯ ಕೈಯಲ್ಲಿ ಬೈಸಿಕೊಂಡು ಕಣಗಿಲೆ ಕಿತ್ತ. ಆಮೇಲೆ ಮಣ್ಣನ್ನು ಮೊಣಕಾಲಾಳ ಅಗೆದು ಜರಡಿ ಹಿಡಿದ. ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಸ್ವಲ್ಪ, ಮಧ್ಯಾಹ್ನ ಊಟವಾದ ಮೇಲೆ ಸ್ವಲ್ಪ. ಜರಡಿಯಲ್ಲಿ ಪ್ರತಿ ಸಲವೂ ಮಿನುಗು. ಅತ್ತೆ ಬಾಗಿಲ ಬಳಿ ಸ್ಟೂಲು ಹಾಕಿಕೊಂಡು, ಮಡಿಲಲ್ಲಿ ಗುಂಡಮ್ಮನ ಡಬ್ಬ ಇಟ್ಟುಕೊಂಡು ನೋಡುತ್ತಿದ್ದಳು. ಬೆಚ್ಚನೆಯ ನೀರಿನ ತಟ್ಟೆಯಲ್ಲಿ ಗುಂಡಮ್ಮನನ್ನು ನೆನೆಹಾಕುವಳು, ಕಣ್ಣಿಗೆ ಹನಿ ಬಿಡುವಳು, ಆಸ್ಪತ್ರೆಯ ಗತ್ತು ಬಂದುಬಿಟ್ಟಿತ್ತು.

"ಆಯ್ತು" ಎಂದು ಅವನು ಒಂದು ದಿನ ಸೊಂಟ ನೆಟ್ಟಗೆ ಮಾಡಿಕೊಂಡ.

"ಆಗಿದೆಯೋ ಇಲ್ಲವೋ ನಾನು ಹೇಳ್ತೀನಿ" ಎಂದ ಅತ್ತೆ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಇಳಿದೇ ಬಿಟ್ಟಳು.

"ಅತ್ತೆ, ಬೇಡ!"

"ಗುಂಡಮ್ಮನಿಗೇನು ಚಪ್ಪಲಿ ಇದೆಯಾ?"

ಸೆರಗು ಬಿಗಿದುಕೊಂಡು ಸಾಲು ಸಾಲಾಗಿ ನಡೆದಳು. ಒಂದು ತುದಿ ಮುಗಿಸಿ, ಇನ್ನೊಂದು ತುದಿಗೆ ತಿರುಗಿ, ಬೇಲಿಯ ಹತ್ತಿರ ನಿಂತಳು. ಕಾಲೆತ್ತಿ ನೋಡಿಕೊಂಡು, "ಇಲ್ಲೊಂದಿದೆ" ಎಂದಳು. ಹಿಮ್ಮಡಿಯಿಂದ ರಕ್ತ ಇಳಿಯುತ್ತಿತ್ತು.

ಗಾಜಿನಣ್ಣ ಓಡಿಬಂದು ಅವಳ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಚೂರು ತೆಗೆದ. ಗಾಜು ತೆಗೆಯುವುದರಲ್ಲಿ ಅವನನ್ನು ಮೀರಿದವರಿರಲಿಲ್ಲ. ಬ್ಯಾಂಡೇಜು ಸುತ್ತುತ್ತಲೇ ಗದರಿದ. "ನಿಮಗೆ ಬುದ್ಧಿ ಇದೆಯಾ, ಅತ್ತೆ? ಸಕ್ಕರೆ ಕಾಯಿಲೆ ಇಟ್ಕೊಂಡು ಯಾರಾದರೂ ಹೀಗೆ ಮಾಡ್ತಾರಾ?" ಅತ್ತೆಯನ್ನು ಅವನು ಬೈದದ್ದು ಅದೇ ಮೊದಲು. ಅವಳು ಬೈಸಿಕೊಂಡಳು. "ಬ್ಯಾಂಡೇಜು ಸಡಿಲ ಆಯ್ತು, ಇನ್ನೊಂದು ಸುತ್ತು ಹಾಕಿ ಅಳಿಯಂದ್ರೇ" ಎಂದಷ್ಟೇ ಹೇಳಿದಳು.

ಗಾಯ ಮಾಯುವುದು ತಡವಾಯಿತು. ಅಷ್ಟರಲ್ಲಿ ಅವನು ಹಿತ್ತಲನ್ನು ಮತ್ತೆ ಅಗೆದ. ಈ ಸಲ ಸಣ್ಣ ಕಣ್ಣಿನ ಜರಡಿ. ಬೇಲಿಯ ಬುಡದ ಮಣ್ಣನ್ನಂತೂ ನಂಬದೆ ಪೂರ್ತಿ ತೆಗೆದು ಹೊಸದು ತುಂಬಿಸಿದ. ಕೊನೆಗೆ ಅಂಗೈ ಮೊಣಕಾಲೂರಿ ತಾನೇ ತೆವಳಿ ನೋಡಿದ. ಅತ್ತೆ ಸ್ಟೂಲಿನಿಂದಲೇ "ಆ ಮೂಲೆ ಬಿಟ್ರಿ" ಎಂದು ಕೂಗುತ್ತಿದ್ದಳು. ಸುತ್ತ ಹಳೆಯ ಹಲಗೆ ನಿಲ್ಲಿಸಿ, ಒಂದು ಕಡೆ ಹೆಂಚು ಓರೆಯಾಗಿಟ್ಟು ನೆರಳು ಮಾಡಿ, ಗರಿಕೆ ನೆಟ್ಟ. ಚಳಿಯ ರಾತ್ರಿಗಳಿಗೆಂದು ಒಣಹುಲ್ಲು ಹಾಸಿದ ಮರದ ಪೆಟ್ಟಿಗೆಯೊಂದು ಅಡುಗೆಮನೆಯಲ್ಲಿ ಕೂತಿತು.

ಗುಂಡಮ್ಮ ಅಲ್ಲಿಗೆ ಇಳಿದಾಗ ಒಂದು ಕಣ್ಣು ಮಾತ್ರ ಬಿಟ್ಟಿತ್ತು. ಬಿಸಿಲಲ್ಲಿ ಕತ್ತು ಚಾಚಿ ಬಹಳ ಹೊತ್ತು ಬಿದ್ದುಕೊಂಡಿತು. ಹೋಗಿಯೇಬಿಟ್ಟಿತೇನೋ ಎಂದು ಹೆಂಡತಿ ಹೆದರಿದಳು. ಎಷ್ಟೋ ದಿನ ಅದು ಕೊಟ್ಟದ್ದನ್ನು ಮುಟ್ಟಲಿಲ್ಲ. ಅತ್ತೆ ಎದೆಗುಂದಿ, ಬ್ರೆಡ್ಡಿನ ಚೂರೊಂದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ಅಳಿಯನ ಕೈಗೆ ಸಿಕ್ಕಿಬಿದ್ದಳು.

"ನನಗೆ ಕಣ್ರೀ, ಹಸಿವು" ಎಂದು ತಾನೇ ಬಾಯಿಗೆ ಹಾಕಿಕೊಂಡಳು.

ಕೊನೆಗೆ ಕಳ್ಳಿಯ ಹೋಳೊಂದರಲ್ಲಿ ಅರ್ಧಚಂದ್ರದ ಗುರುತು ಕಂಡಿತು. ಅತ್ತೆ ಅದನ್ನು ಅಂಗಡಿಗೇ ತಂದು, ಕನ್ನಡಿ ಕೊಳ್ಳಲು ಬಂದಿದ್ದ ಗಿರಾಕಿಯ ಎದುರೇ ಹಿಡಿದು ತೋರಿಸಿದಳು. "ಕಚ್ಚಿದಾಳೆ ಅಳಿಯಂದ್ರೇ!"

ಚಿಪ್ಪು ಗಟ್ಟಿಯಾಗಲು ಮುಂದಿನ ಬೇಸಿಗೆ ಬರಬೇಕಾಯಿತು. ಬೆನ್ನ ಮೇಲಿನ ಉಬ್ಬುತಗ್ಗು ಹೋಗಲಿಲ್ಲ, ಹೋಗುವುದೂ ಇಲ್ಲ ಎಂದಳು ವೈದ್ಯೆ. ಎಡಗಡೆಯ ಹಿಂಗಾಲು ಈಗಲೂ ಸ್ವಲ್ಪ ಎಳೆಯುತ್ತದೆ. ಅತ್ತೆಯ ಹಿಮ್ಮಡಿಯೂ ಹಾಗೇ, ಮೋಡ ಕವಿದರೆ ನೋಯುತ್ತದೆ. ಅವಳು ದಿನಾ ಅಳಿಯನ ಜೊತೆ ಯಾವುದಕ್ಕಾದರೂ ವಾದ ಹೂಡುತ್ತಾಳೆ, ಸೊಪ್ಪು ಒರಟಾಯಿತು, ನೀರಿನ ತಟ್ಟೆ ಆಳವಾಯಿತು ಎಂದು. ಅವನೂ ಬಿಡುವುದಿಲ್ಲ. ಅಂಗಡಿಯಲ್ಲಿ ಗಾಜು ಕೊಯ್ಯುತ್ತಲೇ ಒಳಗಿನವರಿಗೆ ಕೇಳುವಂತೆ ಉತ್ತರ ಕೊಡುತ್ತಾನೆ. ಒಂದೊಂದು ದಿನ ಇಬ್ಬರ ಗಲಾಟೆಗೆ ರೋಸಿಹೋಗಿ ಹೆಂಡತಿ, "ಮೊದಲೇ ಚೆನ್ನಾಗಿತ್ತು, ನಾನು ಹೇಳಿ ಕಳಿಸ್ತಿದ್ದಾಗ" ಎಂದು ಬಾಗಿಲು ಹಾಕಿಕೊಳ್ಳುತ್ತಾಳೆ.

ಕಣಗಿಲೆಯ ಜಾಗದಲ್ಲಿ ಅವಳಿಗೆಂದು ಗಂಡ ದಾಸವಾಳ ನೆಟ್ಟುಕೊಟ್ಟಿದ್ದಾನೆ. ಗುಂಡಮ್ಮನ ಬಾಯಿಗೆ ಎಟುಕುವ ಕೆಳಗಿನ ಕೊಂಬೆಗಳಲ್ಲಿ ಒಂದು ಎಲೆಯೂ ನಿಂತಿಲ್ಲ. ಹೂವು ಬೇಕಾದರೆ ಅವಳು ತುದಿಗಾಲಲ್ಲಿ ನಿಂತು ಮೇಲಿನಿಂದ ಕೊಯ್ಯಬೇಕು.