ಗುರುವಾರದ ಪಾದ್ರಿಗಳು

ಹೋದ ವಾರ ಕೊಪ್ಪದಿಂದ ಬರುವಾಗ ಬಸ್ಸಿನಲ್ಲಿ ಪಕ್ಕದ ಹೆಂಗಸು ನೀಲಗಿರಿ ಎಣ್ಣೆಯ ಬಾಟಲಿ ತೆಗೆದು ಕರವಸ್ತ್ರಕ್ಕೆ ಎರಡು ತೊಟ್ಟು ಹಾಕಿಕೊಂಡರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಪಾದ್ರಿಗಳು ನೆನಪಾದರು. ತಿರುವುಗಳಲ್ಲಿ ಅವರಿಗೂ ಹೊಟ್ಟೆ ತೊಳೆಸುತ್ತಿತ್ತು. ಆದರೂ ಪ್ರತಿ ಗುರುವಾರ ನೀಲಗಿರಿಯ ಕರವಸ್ತ್ರ ಮೂಗಿಗೆ ಒತ್ತಿಕೊಂಡು ಕೊಪ್ಪದಿಂದ ಶೃಂಗೇರಿಗೆ ಬರುತ್ತಿದ್ದರು. ನನ್ನ ಹತ್ತಿರ ಸಂಸ್ಕೃತ ಕಲಿಯಲು.

ಎರಡು ಸಾವಿರನೇ ಇಸವಿಯ ಈಚಿನ ಮೊದಲ ವರ್ಷಗಳು ಅವು. ನಾನು ಹೈಸ್ಕೂಲಿನಲ್ಲಿ ಸಂಸ್ಕೃತ ಮೇಷ್ಟ್ರು. ಅವರು ಕೊಪ್ಪದ ಒಂದು ಸಣ್ಣ ಸಭೆಗೆ ಪಾದ್ರಿ. ಭಾನುವಾರದ ಆರಾಧನೆಗೆ ಬರುವವರಲ್ಲಿ ಹೆಚ್ಚಿನವರು ಕಾಫಿ ತೋಟದ ಕೆಲಸಗಾರರು. ಮೊದಲ ದಿನ ನಮ್ಮ ಜಗಲಿಯಲ್ಲಿ ಕೂತು, "ಇಪ್ಪತ್ತು ವರ್ಷದಿಂದ 'ಕೃಪೆ' 'ಕೃಪೆ' ಅಂತ ಪ್ರಸಂಗ ಮಾಡ್ತಿದ್ದೇನೆ ಮೇಷ್ಟ್ರೇ. ಆ ಶಬ್ದ ಎಲ್ಲಿಂದ ಬಂತು ಅಂತಲೇ ನನಗೆ ಗೊತ್ತಿಲ್ಲ," ಎಂದರು. ನನಗೆ ತುಂಬ ಇಷ್ಟವಾದರು.

ಒಂದೂವರೆ ವರ್ಷ ಇಷ್ಟವಾಗಿಯೇ ಇದ್ದರು. ಆಮೇಲೊಂದು ಗುರುವಾರ, ನಾನು ಬಿಡಿಸಿ ಹೇಳಿದ ಸಮಾಸವೊಂದರ ಮೇಲೆ ಬೆರಳಿಟ್ಟು, "ಇದು ಹೀಗೂ ಆಗಬಹುದಾ?" ಎಂದು ಸಂಕೋಚದಿಂದ ಕೇಳಿದರು. 'ಹೀಗೂ' ಅಲ್ಲ, ಅವರು ಹೇಳಿದ ಹಾಗೆಯೇ ಆಗಬೇಕಿತ್ತು. ತಪ್ಪು ನನ್ನದು. "ಆಗಬಹುದು" ಎಂದು ಪುಟ ತಿರುಗಿಸಿಬಿಟ್ಟೆ... ಅವತ್ತಿನಿಂದ ಅವರ ಬಸ್ಸು ತಪ್ಪಿದ ದಿನ ನನಗೆ ಒಳಗೊಳಗೇ ಸಮಾಧಾನವಾಗತೊಡಗಿತು.

ಮರುವರ್ಷ ಒಂದು ಬುಧವಾರ ಅವರ ಫೋನ್ ಬಂತು. ತಮಿಳುನಾಡಿನ ಲೂಥರನ್ ಸೆಮಿನರಿಯೊಂದರಿಂದ, ಅಂದರೆ ಪಾದ್ರಿಗಳಾಗುವವರು ಓದುವ ಕಾಲೇಜಿನಿಂದ, ಕಾಗದ ಬಂದಿದೆಯಂತೆ. ಭಾರತದ ಧರ್ಮಗಳ ಬಗ್ಗೆ ಪಾಠ ಹೇಳಬೇಕು, ಜೊತೆಗೆ ಸಂಸ್ಕೃತ. "ನಾಳೆ ಬಂದು ಮಾತಾಡ್ತೇನೆ" ಎಂದು ಫೋನ್ ಇಟ್ಟರು.

ಸಂಸ್ಕೃತ! ಪಾಠಶಾಲೆಯಲ್ಲಿ ಹನ್ನೆರಡು ವರ್ಷ ಓದಿದವನು ನಾನು. ಕಾಲೇಜಿನ ಕೆಲಸಕ್ಕೆ ಮೂರು ಸಲ ಸಂದರ್ಶನಕ್ಕೆ ಹೋಗಿ ಮೂರು ಸಲವೂ ಬರಿಗೈಯಲ್ಲಿ ಬಂದವನೂ ನಾನೇ. ನನ್ನ ಜಗಲಿಯಲ್ಲಿ ವಾರಕ್ಕೊಮ್ಮೆ ಕೂತು ಕಲಿತವರಿಗೆ ಈಗ ದೊಡ್ಡ ಲೈಬ್ರರಿ, ಕ್ವಾರ್ಟರ್ಸ್, ಪ್ರೊಫೆಸರ್ ಎಂಬ ಹೆಸರು. ಸಂಜೆಯೆಲ್ಲ ಪುಸ್ತಕಗಳನ್ನು ಹರಡಿಕೊಂಡು ಅತಿ ಕಷ್ಟದ ಶ್ಲೋಕವೊಂದನ್ನು ಹುಡುಕಿ ಇಟ್ಟುಕೊಂಡೆ.

ಮರುದಿನ ಬಂದವರು ಕಾಗದವನ್ನು ನನ್ನ ಕೈಗೇ ಕೊಟ್ಟರು. "ಹೆಂಡತಿಗೆ ಹೋಗುವ ಮನಸ್ಸು. ತೋಟದವರು ಬಿಟ್ಟು ಹೋಗಬೇಡಿ ಅಂತ ಅಳ್ತಾರೆ. ನನಗೂ ಆಸೆ ಇಲ್ಲ ಅಂತಲ್ಲ... ಕಲಿಸಿದವರು ನೀವು ಮೇಷ್ಟ್ರೇ. ನೀವು ಹೇಳಿದ ಹಾಗೆ."

ನಾನು ಆ ಶ್ಲೋಕ ಅವರ ಮುಂದಿಟ್ಟೆ. ಮೂರು ಪಾದ ಸಲೀಸಾಗಿ ಹೇಳಿದರು. ನಾಲ್ಕನೆಯದರಲ್ಲಿ ಒಂದು ಶಬ್ದಕ್ಕೆ ತಡವರಿಸಿದರು. ನನಗೆ ಅಷ್ಟು ಸಾಕಾಗಿತ್ತು.

"ಇಷ್ಟು ಇಟ್ಟುಕೊಂಡು ಪಾಠ ಹೇಳಲಿಕ್ಕೆ ಹೊರಟರೆ ಅಲ್ಲಿಯವರು ನಗ್ತಾರೆ ಮಾರಾಯ್ರೆ."

ಪಾದ್ರಿಗಳು ಕಾಗದವನ್ನು ನನ್ನಿಂದ ತೆಗೆದುಕೊಂಡು ಮಡಚಿದರು. ಆಮೇಲೆ "ಸರಿ" ಎಂದು ಎದ್ದರು. ಅವರು ಗೇಟು ದಾಟಿದ ಮೇಲೆ ನನ್ನ ಹೆಂಡತಿ ಬಾಗಿಲಿಗೆ ಬಂದು, "ಪುಸ್ತಕ ನೋಡದೆ ನಿಮಗೆ ಬರ್ತಿತ್ತಾ ಅದು?" ಎಂದಳು.

ಅವರು ಸೆಮಿನರಿಗೆ ಬರುವುದಿಲ್ಲವೆಂದು ಬರೆದು ಹಾಕಿದರು. ಮತ್ತೆ ಗುರುವಾರ ಬಂದು ಅದೇ ಜಾಗದಲ್ಲಿ, ಅದೇ ಶ್ರದ್ಧೆಯಿಂದ ಕೂತರು. ಒಂದು ಮಾತು ಹೇಳಿದ್ದರೆ ಆಗಲೂ ಸರಿಪಡಿಸಬಹುದಿತ್ತೇನೋ... ಮುಂದಿನ ವರ್ಷ ಅವರಿಗೆ ಕೋಲಾರದ ಕಡೆಗೆ ವರ್ಗವಾಯಿತು. ಹೇಳಿಯೇ ಬಿಡಬೇಕೆಂದು ಅವರು ಹೊರಡುವ ದಿನ ಕೊಪ್ಪದ ಬಸ್ ಸ್ಟ್ಯಾಂಡಿಗೆ ಹೋದೆ. ಬೀಳ್ಕೊಡಲು ಬಂದಿದ್ದ ತೋಟದವರಿಗೆಲ್ಲ, "ಇವರು ನನ್ನ ಗುರುಗಳು" ಎಂದು ನನ್ನನ್ನು ತೋರಿಸಿದರು. ಹೇಳಲು ಬಂದದ್ದನ್ನು ಹೇಳದೆಯೇ ಅವರನ್ನು ಬಸ್ಸು ಹತ್ತಿಸಿ ಬಂದೆ.

ಕೊನೆಗೆ ಕಾಗದದಲ್ಲಿ ಎಲ್ಲ ಬರೆದೆ. ನಿಮ್ಮ ಸಂಸ್ಕೃತ ನನ್ನದಕ್ಕಿಂತ ಚೆನ್ನಾಗಿತ್ತು, ಹೊಟ್ಟೆಕಿಚ್ಚಿನಿಂದ ಹಾಗೆ ಹೇಳಿದೆ ಎಂದು. ಉತ್ತರ ಸಂಸ್ಕೃತದಲ್ಲೇ ಬಂತು. ನಾಚಿಕೆ ಬಿಟ್ಟು ಹೇಳುತ್ತೇನೆ, ಮೊದಲು ಅದರಲ್ಲಿ ತಪ್ಪು ಹುಡುಕಿದೆ. ಒಂದೂ ಇರಲಿಲ್ಲ. ಆಮೇಲೆ ಅರ್ಥಕ್ಕಾಗಿ ಓದಿದೆ. ಅವರು ಬರೆದಿದ್ದು ಇಷ್ಟು: "ನನಗೆ ಎಷ್ಟು ಬರುತ್ತದೆಂದು ನನಗೆ ಗೊತ್ತಿತ್ತು. ಅವತ್ತು ಪರೀಕ್ಷೆ ಕೊಡಲು ಬಂದಿರಲಿಲ್ಲ. 'ಹೋಗಿ ಬನ್ನಿ' ಎಂದು ನಿಮ್ಮ ಬಾಯಿಂದ ಕೇಳಲು ಬಂದಿದ್ದೆ. ಅದನ್ನು ಕೇಳದೆ ಹೋಗಲು ಮನಸ್ಸು ಬರಲಿಲ್ಲ."

ಅವರು ತೀರಿಹೋಗಿ ಈಗ ಮೂರು ವರ್ಷ. ನನಗೆ ತಿಳಿದದ್ದು ತಡವಾಗಿ, ಕೊಪ್ಪದಲ್ಲಿ ಸಿಕ್ಕ ತೋಟದವರೊಬ್ಬರಿಂದ. ನಿವೃತ್ತನಾಗಿ ಕೂತಿರುವ ನನ್ನನ್ನು ಯಾರಾದರೂ, "ನಿಮ್ಮ ಶಿಷ್ಯರಲ್ಲಿ ಚೆನ್ನಾಗಿ ಕಲಿತವರು ಯಾರು ಮೇಷ್ಟ್ರೇ?" ಎಂದು ಕೇಳುವುದುಂಟು. ಒಬ್ಬ ಪಾದ್ರಿ ಎನ್ನುತ್ತೇನೆ. ಈಗ ಎಲ್ಲಿ ಪಾಠ ಹೇಳುತ್ತಿದ್ದಾರೆ ಎಂದು ಅವರು ಮುಂದೆ ಕೇಳುತ್ತಾರೆ...